ಉಳುಕಿದ ಕಾಲು, ಬಿಗಿದ ಹಿಮ್ಮಡಿ, ಎದುರಿಗೆ ಐದು ದಿನದ ಕಾಡೋಟ

ಪ್ರಶ್ನೆ: ನನಗೆ 43 ವರ್ಷ. ಊರು ಸಾಗರ, ಈಗ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಮಗಳನ್ನು ಇಲ್ಲಿನ ಓರಿಯೆಂಟೀರಿಂಗ್ ಕ್ಲಬ್ಬಿಗೆ ಸೇರಿಸಲು ಹೋಗಿ ನನಗೂ ನಕಾಶೆ, ದಿಕ್ಸೂಚಿ ಹಿಡಿದು ಕಾಡು ಓಡುವ ಹುಚ್ಚು ಹತ್ತಿತು. ಜುಲೈನಲ್ಲಿ ಓ-ರಿಂಗೆನ್ ಇದೆ. ಒಂದು ವಾರದಲ್ಲಿ ಐದು ಓಟ. 40 ದಾಟಿದ ಗಂಡಸರ ವರ್ಗಕ್ಕೆ ಹೆಸರು ಕೊಟ್ಟಾಗಿದೆ, ಇನ್ನು ಮೂರು ವಾರ ಬಾಕಿ. ಮೂರು ವಾರದ ಹಿಂದೆ ಪಾಚಿ ಕಟ್ಟಿದ ಬಂಡೆಯ ಮೇಲೆ ಬಲಗಾಲು ಉಳುಕಿತು. ಊತ ಇಳಿದಿದೆ, ನಡೆದರೆ ನೋವಿಲ್ಲ, ಆದರೆ ಒರಟು ನೆಲದಲ್ಲಿ ಆ ಕಾಲಿನ ಮೇಲೆ ಭರವಸೆ ಬರುತ್ತಿಲ್ಲ. ಎಡಗಾಲಿನ ಹಿಮ್ಮಡಿಯಿಂದ ಸ್ವಲ್ಪ ಮೇಲೆ ಎರಡು ತಿಂಗಳಿಂದ ನೋವು. ಬೆಳಿಗ್ಗೆ ಎದ್ದ ಕೂಡಲೇ ಬಿಗಿ, ನಾಲ್ಕು ಹೆಜ್ಜೆ ಓಡಾಡಿದರೆ ಸಡಿಲ. ಬೆಳಗಿನ ಐದು ಕಿಲೋಮೀಟರ್ ರಸ್ತೆ ಓಟ ಬಿಟ್ಟಿಲ್ಲ, ಆ ವಾರವೂ ಬಿಡುವ ಮನಸ್ಸಿಲ್ಲ. ಅಮ್ಮ ಫೋನಿನಲ್ಲಿ "ಅರಿಶಿನ-ಸುಣ್ಣದ ಪಟ್ಟು ಹಾಕಿ ಸುಮ್ನೆ ಮನೇಲಿ ಕೂತ್ಕೋ" ಅನ್ನುತ್ತಾರೆ. ಕ್ಲಬ್ಬಿನ ಗೆಳೆಯರು "ಟೇಪ್ ಸುತ್ತು, ಒಂದು ಇಪ್ರೆನ್ ನುಂಗು, ಓಡು" ಅನ್ನುತ್ತಾರೆ. ನೀವು ಏನಂತೀರಿ?

ಉತ್ತರ: ನೀವು ಬರೆದ ಲಕ್ಷಣಗಳನ್ನು ನೋಡಿದರೆ ಓ-ರಿಂಗೆನ್‌ಗೆ ಹೋಗಬಹುದು, ಕಾಡಿಗೂ ಇಳಿಯಬಹುದು. ಆದರೆ ಹೆಸರು ಕೊಟ್ಟ ವರ್ಗದಲ್ಲೇ ಐದೂ ದಿನ ಜೋರು ಓಟ, ಅದರ ಮೇಲೆ ಬೆಳಗಿನ ರಸ್ತೆ ಓಟ ಅಂದರೆ ನಾನು ಒಪ್ಪುವುದಿಲ್ಲ. ಎರಡೂ ಗಾಯ ಸಣ್ಣವೇ. ತೊಡಕು ಏನೆಂದರೆ ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಆಗುವುದಿಲ್ಲ. ಬಲಗಾಲಿಗೆ ಒರಟು ನೆಲ ಆಗದು. ಎಡಗಾಲಿಗೆ ವೇಗ ಮತ್ತು ಏರು ಆಗದು. ಬಲಗಾಲನ್ನು ಕಾಯಲು ದಾರಿ ಹಿಡಿದು ಓಡಿದರೆ ವೇಗ ತಾನಾಗಿ ಏರಿ ಎಡ ಹಿಮ್ಮಡಿಗೆ ಪೆಟ್ಟು. ಎಡಗಾಲನ್ನು ಕಾಯಲು ಕಾಡಿನೊಳಗೆ ನುಗ್ಗಿ ನಿಧಾನವಾಗಿ ಹೋದರೆ ಬಲಗಾಲು ಕಲ್ಲಿನ ಸಂದಿಗೆ. ನಿಮ್ಮ ಇಡೀ ವಾರವನ್ನು ಈ ಲೆಕ್ಕದ ಮೇಲೆ ಹೊಂದಿಸಬೇಕು.

ಈ ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಓ-ರಿಂಗೆನ್ 1965ರಲ್ಲಿ ಶುರುವಾದದ್ದು. ಪ್ರತಿ ಬೇಸಿಗೆ ಸ್ವೀಡನ್ನಿನ ಬೇರೆ ಬೇರೆ ಊರಿನ ಕಾಡಿನಲ್ಲಿ ನಡೆಯುತ್ತದೆ, ಮಕ್ಕಳಿಂದ ಮುದುಕರವರೆಗೆ ಸಾವಿರಾರು ಜನ ಸೇರುತ್ತಾರೆ. ಕೈಯಲ್ಲಿ ಸಾಮಾನ್ಯವಾಗಿ 1:10,000 ಅಳತೆಯ ನಕಾಶೆ. ಕಿತ್ತಳೆ-ಬಿಳಿ ಬಾವುಟ ಇರುವ ನಿಲ್ದಾಣಗಳನ್ನು ಕ್ರಮವಾಗಿ ಹುಡುಕಿ ಮುಟ್ಟಬೇಕು. ಒಂದರಿಂದ ಇನ್ನೊಂದಕ್ಕೆ ಯಾವ ದಾರಿಯಲ್ಲಿ ಹೋಗುತ್ತೀರಿ ಎಂಬುದು ನಿಮ್ಮಿಷ್ಟ. ಮ್ಯಾರಥಾನ್ ಓಡುವವನಿಗೆ ಇಲ್ಲದ ಈ ಸ್ವಾತಂತ್ರ್ಯ ಗಾಯಾಳುವಿಗೆ ದೊಡ್ಡ ಅನುಕೂಲ. ಅದನ್ನು ಬಳಸಿಕೊಳ್ಳುವವರು ಕಡಿಮೆ.

ಮೊದಲು ಬಲಗಾಲು. ಉಳುಕಿದ ದಿನ ಎಕ್ಸ್‌ರೇ ಮಾಡಿಸಿದಿರಾ ಎಂದು ಬರೆದಿಲ್ಲ. ಕೆನಡಾದ ಒಟ್ಟಾವಾದಲ್ಲಿ ವೈದ್ಯರು ರೂಪಿಸಿದ, ಇಂದು ಎಲ್ಲೆಡೆ ಬಳಸುವ ಒಂದು ಸರಳ ಪರೀಕ್ಷೆ ಇದೆ. ಪೆಟ್ಟಾದಾಗ ನಾಲ್ಕು ಹೆಜ್ಜೆ ಇಡಲು ಆಗಿತ್ತೇ? ಕಣಕಾಲಿನ ಒಳ-ಹೊರ ಗೆಣ್ಣುಗಳ ಹಿಂಬದಿಯ ಅಂಚನ್ನು ತುದಿಯಿಂದ ಆರು ಸೆಂಟಿಮೀಟರ್ ಮೇಲಿನವರೆಗೆ ಒತ್ತಿ ನೋಡಿ. ಪಾದದ ಹೊರ ಅಂಚಿನ ನಡುವೆ ಉಬ್ಬಿರುವ ಮೂಳೆಯನ್ನೂ, ಒಳಬದಿಯಲ್ಲಿ ಪಾದದ ಕಮಾನಿನ ಮೇಲ್ತುದಿಯ ಮೂಳೆಯನ್ನೂ ಒತ್ತಿ. ಮೂರು ವಾರ ಕಳೆದ ಮೇಲೂ ಮೂಳೆಯ ಮೇಲೇ ಚುರುಕ್ಕೆಂದರೆ ಓಟದ ಮಾತು ಬಿಟ್ಟು ಮೊದಲು ಎಕ್ಸ್‌ರೇ. ನೋವು ಗೆಣ್ಣಿನ ಮುಂದಿನ ಮೆತ್ತನೆಯ ಜಾಗದಲ್ಲಷ್ಟೇ ಇದ್ದರೆ ಅದು ಮೂಳೆಗೆ ಮೂಳೆ ಕಟ್ಟಿಹಿಡಿಯುವ ಲಿಗಮೆಂಟಿನದು, ಗಾಬರಿ ಬೇಡ.

ಊತ ಇಳಿದರೆ ಗುಣವಾಯಿತು ಎಂಬ ನಂಬಿಕೆ ನನ್ನ ಬಳಿ ಬರುವ ಓಟಗಾರರಲ್ಲಿ ಬಹಳ. ಊತ ಇಳಿಯಲು ಒಂದೆರಡು ವಾರ ಸಾಕು. ಹರಿದ ಎಳೆಗಳು ಕೂಡಿ ಗಟ್ಟಿಯಾಗಲು ಆರು ವಾರವಾದರೂ ಬೇಕು, ಪೂರ್ತಿ ಬಲ ಬರಲು ತಿಂಗಳುಗಳೇ ಹಿಡಿಯುತ್ತವೆ. ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ. ಕಾಲು ಯಾವ ಕೋನದಲ್ಲಿದೆ ಎಂದು ಮಿದುಳಿಗೆ ತಿಳಿಸುವ ಸೂಕ್ಷ್ಮ ತಂತುಗಳು ಆ ಲಿಗಮೆಂಟಿನಲ್ಲೂ ಕೀಲಿನ ಸುತ್ತಲೂ ಇರುತ್ತವೆ. ಉಳುಕಿದಾಗ ಅವಕ್ಕೂ ಏಟು ಬೀಳುತ್ತದೆ. ಭರವಸೆ ಬರುತ್ತಿಲ್ಲ ಎಂದು ಬರೆದಿದ್ದೀರಲ್ಲ, ಅದು ಬರೀ ಮನಸ್ಸಿನ ಅಳುಕಲ್ಲ. ಕಾಲಿನ ಅಂದಾಜು ನಿಜಕ್ಕೂ ಕೆಟ್ಟಿದೆ. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವ ಸಂಭವ ಹೆಚ್ಚಿರುವುದು ಇದರಿಂದಲೇ. ಅಂದಾಜನ್ನು ತಿದ್ದಬಹುದು ಎಂಬುದು ಸಮಾಧಾನದ ವಿಷಯ.

ಅಮ್ಮನ ಪಟ್ಟಿನ ಬಗ್ಗೆ: ಅರಿಶಿನ-ಸುಣ್ಣ ಹಚ್ಚಿದರೆ ಬೆಚ್ಚಗಾಗುತ್ತದೆ, ಹಿತವೆನಿಸಬಹುದು, ಲಿಗಮೆಂಟನ್ನು ಅದು ಕೂಡಿಸುವುದಿಲ್ಲ. ಸುಣ್ಣ ಹೆಚ್ಚಾದರೆ ಚರ್ಮ ಸುಡುತ್ತದೆ, ಆಮೇಲೆ ಆ ಜಾಗಕ್ಕೆ ಟೇಪೂ ಹಾಕಲಾಗದು. ನಮ್ಮ ಕಡೆ ಉಳುಕು ತೆಗೆಯುತ್ತೇವೆಂದು ಎಣ್ಣೆ ಹಚ್ಚಿ ಜೋರಾಗಿ ನೀವಿ, ಲಟಕ್ಕೆಂದು ಎಳೆಯುವವರಿದ್ದಾರೆ. ಮೊದಲ ದಿನಗಳಲ್ಲಿ ಅದು ಹರಿದದ್ದನ್ನು ಇನ್ನಷ್ಟು ಹರಿಯುತ್ತದೆ. ಆಧುನಿಕರ ಮೂಢನಂಬಿಕೆಯೂ ಕಡಿಮೆಯಿಲ್ಲ. ಐಸ್ ಇಟ್ಟು ಕಾಲು ಮೇಲೆತ್ತಿ ಮಲಗಿಬಿಡಿ ಎಂಬ ಸಲಹೆಯನ್ನು 1978ರಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ವೈದ್ಯ ಗೇಬ್ ಮರ್ಕಿನ್ ಅವರೇ, ಐಸ್ ಮತ್ತು ಪೂರ್ಣ ವಿಶ್ರಾಂತಿ ವಾಸಿಯಾಗುವುದನ್ನು ತಡಮಾಡಬಹುದೆಂದು ಮುಂದೆ ತಮ್ಮ ಮಾತು ತಿದ್ದಿಕೊಂಡರು. ನೋವಿಗೆ ಹತ್ತು-ಹದಿನೈದು ನಿಮಿಷ ಐಸ್ ಇಟ್ಟರೆ ತಪ್ಪಿಲ್ಲ. ಆದರೆ ಲಿಗಮೆಂಟು ಗಟ್ಟಿಯಾಗುವುದು ಅದಕ್ಕೆ ಹದವಾದ ಭಾರ ಬಿದ್ದಾಗ. ಹಾಗಾಗಿ ಮನೆಯಲ್ಲಿ ಸುಮ್ಮನೆ ಕೂರುವುದೂ ಮದ್ದಲ್ಲ.

ಈ ಮೂರು ವಾರ ಬಲಗಾಲಿಗೆ ಕೆಲಸ ಕೊಡಿ. ಹಲ್ಲುಜ್ಜುವಾಗ ಒಂಟಿಗಾಲಲ್ಲಿ ನಿಲ್ಲಿ. ಸುಲಭವೆನಿಸಿದರೆ ಕಣ್ಣು ಮುಚ್ಚಿ, ಅದೂ ಸುಲಭವಾದರೆ ದಿಂಬಿನ ಮೇಲೆ. ಆಮೇಲೆ ಒಂಟಿಗಾಲಲ್ಲಿ ಮುಂದಕ್ಕೆ, ಪಕ್ಕಕ್ಕೆ ಸಣ್ಣ ಕುಪ್ಪಳಿಕೆ. ಗೋಡೆಯೆದುರು ನಿಂತು, ಹಿಮ್ಮಡಿ ನೆಲ ಬಿಡದಂತೆ ಮಂಡಿಯನ್ನು ಗೋಡೆಗೆ ತಾಗಿಸಿ. ಹೆಬ್ಬೆರಳು ಗೋಡೆಯಿಂದ ಎಷ್ಟು ದೂರವಿದ್ದಾಗಲೂ ಮಂಡಿ ತಾಗುತ್ತದೆ ಎಂದು ಎರಡೂ ಕಾಲಿಗೆ ಅಳೆಯಿರಿ. ಬಲಗಾಲು ಎರಡು ಸೆಂಟಿಮೀಟರಿಗಿಂತ ಹೆಚ್ಚು ಹಿಂದೆ ಬಿದ್ದಿದ್ದರೆ ಕೀಲು ಇನ್ನೂ ಬಿಗಿ ಇದೆ, ಅದರಲ್ಲಿ ಬಂಡೆ ಇಳಿಯುವುದು ಅಪಾಯ. ಹೊರಡುವ ನಾಲ್ಕು ದಿನ ಮುಂಚೆ ಒಂಟಿಗಾಲಲ್ಲಿ ಹತ್ತು ಸಲ ಮುಂದಕ್ಕೆ ಕುಪ್ಪಳಿಸಿ ನೋಡಿ. ನೋವಿಲ್ಲದೆ, ತೂರಾಡದೆ ಆದರೆ ಕಾಡಿಗೆ ಪರವಾನಗಿ.

ಟೇಪೋ ಬ್ರೇಸೋ? ಮೊದಲೇ ಉಳುಕಿದ ಕಾಲಿಗೆ ಎರಡೂ ಮರುಉಳುಕನ್ನು ಕಡಿಮೆ ಮಾಡುತ್ತವೆ. ಟೇಪಿನ ಬಿಗಿ ಅರ್ಧ ಗಂಟೆಯ ಓಟದಲ್ಲೇ ಬಹುಪಾಲು ಸಡಿಲವಾಗುತ್ತದೆ, ಜೌಗಿನಲ್ಲಿ ನೆನೆದರೆ ಇನ್ನೂ ಬೇಗ. ಐದು ದಿನ ಸುತ್ತಿ-ಕಿತ್ತರೆ ಚರ್ಮವೂ ಕಿತ್ತು ಬರುತ್ತದೆ. ನಿಮಗೆ ಲೇಸ್ ಕಟ್ಟುವ ಬಟ್ಟೆಯ ಬ್ರೇಸ್ ವಾಸಿ. ಒಂದೇ ಷರತ್ತು, ಅದನ್ನು ಈಗಲೇ ಕೊಂಡು ನಿಮ್ಮ ಮುಳ್ಳಿನ ಶೂ ಒಳಗೆ ಹಾಕಿ ಅಭ್ಯಾಸ ಓಟ ಓಡಿರಬೇಕು. ಮೊದಲ ದಿನ ಹೊಸ ಬ್ರೇಸ್ ಹಾಕಿಕೊಂಡವರು ಗೆಣ್ಣಿನ ಮೇಲೆ ಬೊಬ್ಬೆ ಎಬ್ಬಿಸಿಕೊಂಡು ಎರಡನೆಯ ದಿನ ಅದನ್ನು ಬಿಸಾಡುತ್ತಾರೆ.

ಬ್ರೇಸಿಗಿಂತ ಹೆಚ್ಚು ಕಾಯುವ ಅಭ್ಯಾಸ ಒಂದಿದೆ. ಓರಿಯೆಂಟೀರಿಂಗ್‌ನಲ್ಲಿ ಕಾಲು ಉಳುಕಿಸಿಕೊಂಡವರನ್ನು ಹೇಗಾಯಿತು ಎಂದು ಕೇಳಿ. ಎಷ್ಟೋ ಜನ "ನಕಾಶೆ ನೋಡ್ತಿದ್ದೆ" ಅನ್ನುತ್ತಾರೆ. ಮಡಚಿದ ನಕಾಶೆಯ ಮೇಲೆ ಹೆಬ್ಬೆರಳು, ಕಣ್ಣು ಹೆಬ್ಬೆರಳ ತುದಿಯಲ್ಲಿ, ಕಾಲ ಕೆಳಗೆ ಬ್ಲೂಬೆರಿ ಪೊದೆ, ಪೊದೆಯ ಅಡಿ ಕಡಿದು ಬಿಟ್ಟ ಕೊಂಬೆ. ಈ ವಾರದ ಮಟ್ಟಿಗೆ ಒರಟು ನೆಲದಲ್ಲಿ ಓಡುತ್ತ ನಕಾಶೆ ಓದಬೇಡಿ. ನಿಂತು ಓದಿ. ಮೂರು ಸೆಕೆಂಡು ಹೋಗುತ್ತದೆ, ದಾರಿ ತಪ್ಪುವುದೂ ಕಡಿಮೆಯಾಗುತ್ತದೆ.

ಈಗ ಎಡಗಾಲು. ಬೆಳಿಗ್ಗೆ ಬಿಗಿ, ಓಡಾಡಿದರೆ ಸಡಿಲ, ಹಿಮ್ಮಡಿಯಿಂದ ಎರಡರಿಂದ ಆರು ಸೆಂಟಿಮೀಟರ್ ಮೇಲೆ ಚಿವುಟಿದರೆ ನೋವು. ಇದು ಅಕಿಲಿಸ್ ಟೆಂಡನ್ನಿನ, ಅಂದರೆ ಮೀನಖಂಡವನ್ನು ಹಿಮ್ಮಡಿಗೆ ಬಿಗಿಯುವ ದಪ್ಪ ನಾರಿನ, ನಡುಭಾಗದ ತೊಂದರೆಯ ಗುರುತು. ಓಡುವಾಗ ಈ ಟೆಂಡನ್ನಿನ ಮೇಲೆ ದೇಹತೂಕದ ಆರೆಂಟು ಪಟ್ಟು ಬಲ ಬೀಳುತ್ತದೆ. ನಲವತ್ತು ದಾಟಿದ ಮೇಲೆ, ರಸ್ತೆ ಓಟದ ಜೊತೆಗೆ ಕಾಡಿನ ಏರು ಸೇರಿದಾಗ, ಟೆಂಡನ್ ಕೂಡಿಕೊಳ್ಳುವ ವೇಗಕ್ಕಿಂತ ಸವೆಯುವ ವೇಗ ಹೆಚ್ಚುತ್ತದೆ. ಜೋರು ಓಟದ ಬಳಿಕ ಒಂದರಿಂದ ಒಂದೂವರೆ ದಿನ ಟೆಂಡನ್ನಿನ ಎಳೆಗಳಾದ ಕೊಲಾಜನ್ ಕಟ್ಟುವುದಕ್ಕಿಂತ ಒಡೆಯುವುದೇ ಹೆಚ್ಚು, ಕಟ್ಟುವ ಕೆಲಸ ಮೇಲುಗೈ ಆಗುವುದು ಅದಾದ ಮೇಲೆ. ಒಂದು ದಿನದ ಸ್ಪರ್ಧೆಯನ್ನು ಹೇಗೋ ದಾಟಿಸುವ ಹಿಮ್ಮಡಿ, ದಿನ ಬಿಡದೆ ಓಡುವ ವಾರದಲ್ಲಿ ಮೂರನೆಯ ಬೆಳಿಗ್ಗೆ ಕುಂಟಿಸುವುದು ಇದರಿಂದ.

ಹಾಗಂತ ನೋವಿದ್ದರೆ ಓಡಲೇಬಾರದು ಎಂಬುದೂ ಹಳೆಯ ಮಾತಾಯಿತು. ಅದನ್ನು ಅಳಿಸಿದ್ದು ನೀವಿರುವ ಊರೇ. ಗೋಥೆನ್‌ಬರ್ಗ್‌ನ ಫಿಸಿಯೋಥೆರಪಿಸ್ಟ್ ಕರಿನ್ ಗ್ರೇವಾರೆ ಸಿಲ್ಬರ್‌ನಾಗೆಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಾಯಾಮದ ಜೊತೆ ನೋವಿನ ಮಿತಿಯೊಳಗೆ ಓಟ ಮುಂದುವರಿಸಿದವರೂ ಮೊದಲ ಆರು ವಾರ ಓಟ ನಿಲ್ಲಿಸಿದವರಷ್ಟೇ ಚೆನ್ನಾಗಿ ಚೇತರಿಸಿಕೊಂಡರು. ಮಿತಿ ಇಷ್ಟು: ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನೋವು ಐದನ್ನು ಮೀರಬಾರದು, ಮರುದಿನ ಬೆಳಿಗ್ಗೆಗೆ ಇಳಿದಿರಬೇಕು, ವಾರದಿಂದ ವಾರಕ್ಕೆ ನೋವೂ ಬಿಗಿಯೂ ಏರಬಾರದು. ಸತತ ಸ್ಪರ್ಧೆಯ ವಾರಕ್ಕೆಂದು ರೂಪಿಸಿದ ಅಳತೆ ಇದಲ್ಲವಾದ್ದರಿಂದ ನಿಮಗೆ ಐದರ ಬದಲು ಮೂರು ಎಂದು ಇಟ್ಟುಕೊಳ್ಳುತ್ತೇನೆ. ಓಡುವಾಗಿನ ನೋವನ್ನು ನಂಬಬೇಡಿ. ಮೈ ಬೆಚ್ಚಗಾದ ಮೇಲೆ ಟೆಂಡನ್ ಸುಳ್ಳು ಹೇಳುತ್ತದೆ. ಬೆಳಿಗ್ಗೆ ಟೆಂಟಿನಿಂದ ಶೌಚಾಲಯದವರೆಗಿನ ಮೊದಲ ಹೆಜ್ಜೆಗಳನ್ನು ನಂಬಿ.

ಮೂರು ವಾರದಲ್ಲಿ ಟೆಂಡನ್ ಹೊಸದಾಗುವುದಿಲ್ಲ, ಗಟ್ಟಿಯಾಗಲು ಶುರುಮಾಡಬಹುದು. ಸ್ವೀಡನ್ನಿನದೇ ಉಮಿಯೋ ಊರಿನ ಮೂಳೆತಜ್ಞ ಹೋಕನ್ ಆಲ್ಫ್ರೆಡ್‌ಸನ್ 1998ರಲ್ಲಿ ಪ್ರಕಟಿಸಿದ ವ್ಯಾಯಾಮವೇ ಇಂದಿಗೂ ನಮ್ಮ ಬುನಾದಿ: ಮೆಟ್ಟಿಲ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು. ಸ್ವತಃ ಓಟಗಾರರಾಗಿದ್ದ ಅವರಿಗೂ ಇದೇ ನೋವಿತ್ತು. ಶಸ್ತ್ರಚಿಕಿತ್ಸೆಗೆ ಮೇಲಧಿಕಾರಿ ಒಪ್ಪದಿದ್ದಾಗ, ಟೆಂಡನ್ ಹರಿದಾದರೂ ಹೋಗಲಿ ಎಂದು ಭಾರ ಹಾಕತೊಡಗಿದರಂತೆ. ಹರಿಯುವ ಬದಲು ವಾಸಿಯಾಯಿತು! ಅವರ ಕ್ರಮದಲ್ಲಿ ದಿನಕ್ಕೆ 180 ಇಳಿತ, ಹನ್ನೆರಡು ವಾರ. ಸ್ಪರ್ಧೆಗೆ ಮೂರೇ ವಾರ ಇರುವವರಿಗೆ ಅಷ್ಟು ಬೇಡ. ದಿನ ಬಿಟ್ಟು ದಿನ, ಮೂರು ಸೆಕೆಂಡು ಏರಿ ಮೂರು ಸೆಕೆಂಡು ಇಳಿಯುತ್ತ, ಹದಿನೈದರಂತೆ ಮೂರು ಸುತ್ತು ಸಾಕು. ಸ್ಪರ್ಧೆಯ ಐದು ದಿನ ಮುಂಚೆ ನಿಲ್ಲಿಸಿ. ನೋವು ಹಿಮ್ಮಡಿ ಮೂಳೆಗೆ ಟೆಂಡನ್ ಅಂಟುವ ಜಾಗದಲ್ಲೇ ಇದ್ದರೆ ಮೆಟ್ಟಿಲು ಬೇಡ, ಸಮತಟ್ಟು ನೆಲದಲ್ಲೇ ಮಾಡಿ. ಮೀನಖಂಡವನ್ನು ಬಲವಂತವಾಗಿ ಎಳೆದು ಚಾಚುವುದರಿಂದ ಹೆಚ್ಚು ಲಾಭ ಕಂಡಿಲ್ಲ. ಎಡ ಶೂ ಒಳಗೆ ಐದಾರು ಮಿಲಿಮೀಟರಿನ ಹಿಮ್ಮಡಿ ಮೆತ್ತೆ ಇಡಬಹುದು. ಬಲಗಾಲಿಗೆ ಬೇಡ, ಹಿಮ್ಮಡಿ ಎತ್ತರವಾದಷ್ಟೂ ಕಣಕಾಲು ಮಗುಚುವುದು ಸುಲಭ.

ಮಾತ್ರೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಓಟಕ್ಕೆ ಮುಂಚೆ ಇಪ್ರೆನ್ ಬೇಡ. ಅದು ಐಬುಪ್ರೊಫೆನ್ ಎಂಬ ನೋವಿನ ಮದ್ದು. ನೋವನ್ನು ಮುಚ್ಚಿದರೆ ಮೇಲೆ ಹೇಳಿದ ಅಳತೆಗೋಲೇ ಕಳೆದುಹೋಗುತ್ತದೆ, ಬೆವರಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೂ ಹೊರೆ. ಊರಿನಿಂದ ತಂದ ಕಾಂಬಿಫ್ಲಾಮ್ ಬ್ಯಾಗಿನಲ್ಲಿದ್ದರೆ ನೆನಪಿಡಿ, ಅದರಲ್ಲೂ ಐಬುಪ್ರೊಫೆನ್ ಇದೆ, ಜೊತೆಗೆ ಪ್ಯಾರಸಿಟಮಾಲ್. ಇಪ್ರೆನ್ ಒಂದು, ಕಾಂಬಿಫ್ಲಾಮ್ ಒಂದು ಅಂದರೆ ಒಂದೇ ಮದ್ದು ಎರಡು ಪಾಲು. ರಾತ್ರಿ ನಿದ್ದೆ ಬರದಷ್ಟು ನೋವಿದ್ದರೆ ಮಾತ್ರೆಯ ಜೊತೆ ಬರುವ ಹಾಳೆಯಲ್ಲಿ ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಸಾಕು. ಆದರೆ ನಿದ್ದೆ ಕೆಡಿಸುವ ನೋವಿದ್ದಾಗ ಮರುದಿನ ಓಡುವ ಪ್ರಶ್ನೆಯೇ ಏಳದು. ಟೆಂಡನ್ನಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಯಾರೇ ಹೇಳಿದರೂ ಬೇಡ ಅನ್ನಿ, ಟೆಂಡನ್ ಹರಿಯುವ ಅಪಾಯವಿದೆ.

ಇನ್ನೊಂದು ಮಾತು, ಯಾರೂ ಹೇಳದ್ದು. ಊರಿಗೆ ಬಂದುಹೋಗುವ ನಮ್ಮವರ ಚೀಲದಲ್ಲಿ ಹೊಟ್ಟೆ ಕೆಟ್ಟರೆ ಇರಲಿ ಎಂದು ನಾರ್ಫ್ಲಾಕ್ಸ್ ಅಥವಾ ಸಿಪ್ರೊಫ್ಲಾಕ್ಸಸಿನ್ ಇರುತ್ತದೆ. ಈ ಗುಂಪಿನ ಆಂಟಿಬಯೋಟಿಕ್‌ಗಳು ಟೆಂಡನ್ನಿಗೆ, ಅದರಲ್ಲೂ ಅಕಿಲಿಸ್‌ಗೆ ಹಾನಿ ಮಾಡಬಲ್ಲವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಇವುಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಕ್ಯಾಂಪಿನಲ್ಲಿ ಭೇದಿಯಾದರೆ ಓಆರ್‌ಎಸ್ ಕುಡಿಯಿರಿ. ಕಳೆದ ಕೆಲವು ತಿಂಗಳಲ್ಲಿ ಆ ಮಾತ್ರೆ ನುಂಗಿದ್ದರೆ ವೈದ್ಯರಿಗೆ ತಿಳಿಸಿ, ಹಿಮ್ಮಡಿ ನೋವಿನ ಮೂಲ ಅಲ್ಲೇ ಇರಬಹುದು.

ಇನ್ನು ವಾರವನ್ನು ಹೊಂದಿಸುವುದು. ನಿಮ್ಮ ವರ್ಗದಲ್ಲೇ ಐದೂ ದಿನ ಓಡುವುದು ಒಂದು ದಾರಿ. ಅಲ್ಲಿ ಸಮಯ ಕೂಡುತ್ತ ಹೋಗುತ್ತದೆ, ಕೊನೆಯ ದಿನ ಮುನ್ನಡೆಯ ಅಂತರಕ್ಕೆ ತಕ್ಕಂತೆ ಒಬ್ಬರ ಹಿಂದೊಬ್ಬರನ್ನು ಬಿಡುತ್ತಾರೆ. ಎದುರಿಗೆ ಒಬ್ಬ, ಬೆನ್ನಿಗೆ ಒಬ್ಬ ಇರುವಾಗ, ನಾಲ್ಕು ದಿನ ದಣಿದ ಕಾಲಿನ ಮೇಲೆ, ನಿಧಾನ ಹೋಗುತ್ತೇನೆ ಎಂಬ ಸಂಕಲ್ಪ ನಿಲ್ಲುವುದಿಲ್ಲ. ನಿಮಗೆ ಇದು ಬೇಡ. ನನ್ನ ಸಲಹೆ ಮುಕ್ತ ವರ್ಗ. ಅಲ್ಲಿ ಆಯಾ ದಿನ ಉದ್ದ ಮತ್ತು ಕಷ್ಟ ನೋಡಿ ಆರಿಸಬಹುದು. ಮೊದಲ ದಿನ ಚಿಕ್ಕದು. ಮರುದಿನ ಬೆಳಿಗ್ಗೆ ಹಿಮ್ಮಡಿಯ ಬಿಗಿ ಎಂದಿಗಿಂತ ಹೆಚ್ಚಿಲ್ಲದಿದ್ದರೆ ಎರಡನೆಯದು. ಬಿಗಿ ಹೆಚ್ಚಿದ್ದರೆ ಆ ದಿನ ಮಗಳ ಓಟಕ್ಕೆ ಚಪ್ಪಾಳೆ. ಐದರಲ್ಲಿ ಮೂರು ಓಡಿ ಬಂದರೂ ವಾರ ಗೆದ್ದಂತೆಯೇ. ಮೂರನೆಯ ದಾರಿ ನಡಿಗೆ: ಕಷ್ಟದ ನಕಾಶೆಯನ್ನೇ ತೆಗೆದುಕೊಂಡು ನಡೆದೇ ಮುಗಿಸುವುದು. ಹೆಮ್ಮೆಗೆ ಸ್ವಲ್ಪ ಪೆಟ್ಟು, ನಕಾಶೆ ಓದುವ ಕೈ ಮಾತ್ರ ಪಳಗುತ್ತದೆ. ಕುಪ್ಪಳಿಕೆಯ ಪರೀಕ್ಷೆಯಲ್ಲಿ ಬಲಗಾಲು ಸೋತರೆ ಇದೊಂದೇ ದಾರಿ.

ಬೆಳಗಿನ ರಸ್ತೆ ಓಟ ಆ ವಾರ ಬೇಡವೇ ಬೇಡ. ಈಗಿನಿಂದಲೇ ವಾರಕ್ಕೆ ಮೂರಕ್ಕೆ ಇಳಿಸಿ. ಅಖಾಡದಿಂದ ಸ್ಟಾರ್ಟ್‌ಗೆ ಒಂದೆರಡು ಕಿಲೋಮೀಟರ್ ನಡೆಯುವುದು ಅಪರೂಪವಲ್ಲ, ಕ್ಯಾಂಪಿನೊಳಗೆ ತಿರುಗಾಟವೂ ಇರುತ್ತದೆ. ನಡುವೆ ಬರುವ ವಿರಾಮದ ದಿನ ಊರು ನೋಡಲು ಹೋಗಿ ಹದಿನೈದು ಕಿಲೋಮೀಟರ್ ನಡೆದು ಬರುವವರಿಗೆ ನಾನು ಏನೂ ಹೇಳಲಾರೆ.

ಕಾಡಿನೊಳಗೆ ದಾರಿ ಆರಿಸುವಾಗ ಹೀಗೆ ಯೋಚಿಸಿ. ನಕಾಶೆಯಲ್ಲಿ ಕಂದು ರೇಖೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು. ಅಲ್ಲಿ ಹಿಮ್ಮಡಿ ಕೆಳಗೆ ಬಿದ್ದು ಟೆಂಡನ್ ಪೂರ್ತಿ ಎಳೆಯುತ್ತದೆ. ಆ ಏರನ್ನು ಸುತ್ತಿಹೋಗಿ, ಸುತ್ತಲಾಗದಿದ್ದರೆ ಪಾದ ಅಡ್ಡಮಾಡಿ ಓರೆಯಾಗಿ ನಡೆಯಿರಿ. ನೀಲಿ ಗೆರೆಗಳ ಜೌಗಿನಲ್ಲೂ ಹಿಮ್ಮಡಿ ಹೂತು ಅದೇ ಕತೆ. ಕಪ್ಪು ಚುಕ್ಕೆಗಳ ಕಲ್ಲುನೆಲ ಬಲಗಾಲಿನ ಶತ್ರು, ನೂರು ಮೀಟರ್ ಬಳಸಾದರೂ ತಪ್ಪಿಸಿ. ಹಸಿರಿಲ್ಲದೆ ಬಿಳಿಯಾಗಿ ಕಾಣುವ ತೆರೆದ ಕಾಡಿನಲ್ಲಿ, ರೇಖೆಗಳು ವಿರಳವಾದ ಕಡೆ, ಎರಡೂ ಕಾಲಿಗೆ ಒಪ್ಪಿಗೆ. ದಾರಿ ಸಿಕ್ಕರೆ ಹಿಡಿಯಿರಿ, ಆದರೆ ಮಾತಾಡುತ್ತ ಓಡಬಹುದಾದ ವೇಗ ಮೀರಬೇಡಿ.

ಕಾಲು ಮುಚ್ಚುವ ಉಡುಪು ಹಾಕಿ. ಗೀರುಗಾಯವನ್ನು ಸಂಜೆಯೇ ಸೋಪು ನೀರಿನಲ್ಲಿ ತೊಳೆಯಿರಿ, ಟೆಟನಸ್ ಚುಚ್ಚುಮದ್ದು ಹಳತಾಗಿದೆಯೇ ನೋಡಿಕೊಳ್ಳಿ. ಮಂಡಿಯ ಸಂದು, ತೊಡೆಸಂದುಗಳಲ್ಲಿ ಉಣ್ಣೆ ಹುಳ ಕಚ್ಚಿಕೊಂಡಿದೆಯೇ ಎಂದು ಪ್ರತಿ ಸಂಜೆ ಹುಡುಕಿ. ಸಾಗರದವರಿಗೆ ಉಣ್ಣೆಯ ಕಾಟ ಹೊಸದಲ್ಲ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಯ ವೈರಸ್ಸೂ, ಸ್ವೀಡನ್ನಿನ ಉಣ್ಣೆಗಳು ಹರಡುವ ಮಿದುಳಿನ ಉರಿಯೂತದ ವೈರಸ್ಸೂ ಒಂದೇ ಕುಲದವು. ಸ್ವೀಡನ್ನಿನದಕ್ಕೆ ಲಸಿಕೆ ಇದೆ, ಮನೆಮಂದಿಗೆಲ್ಲ ಆಗಿದೆಯೇ ವಿಚಾರಿಸಿ.

ಓಟದ ನಡುವೆ ಹಿಮ್ಮಡಿಯ ಹಿಂದೆ ಯಾರೋ ಒದ್ದಂತೆ, ಟಪ್ಪೆಂದು ಶಬ್ದ ಬಂದಂತೆ ಆದರೆ ಅಲ್ಲೇ ನಿಲ್ಲಿ, ಅದು ಟೆಂಡನ್ ಹರಿದ ಲಕ್ಷಣ. ಬಲಗಾಲು ಮತ್ತೆ ಮಗುಚಿ ನಾಲ್ಕು ಹೆಜ್ಜೆ ಇಡಲಾಗದಿದ್ದರೂ ಅಷ್ಟೇ. ನೋವಿಗೆ ಓಟದ ಶೈಲಿ ಬದಲಾಗಿ ಕುಂಟತೊಡಗಿದರೂ ಆ ದಿನ ಮುಗಿಯಿತು. ನಡೆಯಲಾಗದಿದ್ದರೆ ಸೀಟಿ ಊದಿ. ಗಾಯಗೊಂಡವರಿಗೆ ನೆರವಾಗುವುದು ಈ ಆಟದ ನಿಯಮದಲ್ಲೇ ಇರುವ ಕರ್ತವ್ಯ, ಸಂಕೋಚ ಬೇಡ. ಅರ್ಧಕ್ಕೆ ಬಿಟ್ಟರೆ ತಪ್ಪದೆ ಫಿನಿಷ್‌ಗೆ ಬಂದು ತಿಳಿಸಿ, ಇಲ್ಲವಾದರೆ ನಿಮ್ಮನ್ನು ಹುಡುಕಲು ಜನ ಕಾಡಿಗಿಳಿಯುತ್ತಾರೆ. ತುರ್ತಲ್ಲದ ವೈದ್ಯಕೀಯ ಸಲಹೆಗೆ 1177ಕ್ಕೆ, ತುರ್ತಿಗೆ 112ಕ್ಕೆ ಫೋನ್ ಮಾಡಿ.

ವಾರ ಮುಗಿದ ಮೇಲೆ ನಾಲ್ಕೈದು ದಿನ ಓಟವಿಲ್ಲ. ಸೈಕಲ್ಲು, ಈಜು ಮಾಡಿ. ಆಮೇಲೆ ಮೆಟ್ಟಿಲ ವ್ಯಾಯಾಮವನ್ನು ಮತ್ತೆ ಶುರುಮಾಡಿ ಹನ್ನೆರಡು ವಾರ ಪೂರ್ತಿ ಮಾಡಿ. ಹೆಚ್ಚಿನವರು ಐದನೆಯ ವಾರಕ್ಕೆ ನೋವು ಇಳಿಯಿತೆಂದು ಬಿಟ್ಟು, ಮುಂದಿನ ವರ್ಷ ಇದೇ ಪ್ರಶ್ನೆಯೊಡನೆ ಬರುತ್ತಾರೆ. ಬೆಳಗಿನ ಬಿಗಿ ಅರ್ಧ ಗಂಟೆ ದಾಟಿದರೆ, ಅಥವಾ ಟೆಂಡನ್ ಬಲಬದಿಯದಕ್ಕಿಂತ ಎದ್ದು ಕಾಣುವಷ್ಟು ದಪ್ಪಗಾದರೆ, ಕಾಯದೆ ಫಿಸಿಯೋ ಬಳಿ ತೋರಿಸಿ.